ಕಾಸಿದ ಎಣ್ಣೆ

ಮೊನ್ನೆ ನಮ್ಮ ಓಣಿಯ ಆಯಿಯ ದಿವಸ ಮಾಡಿದರು. ಪಂಕ್ತಿಗೆ ಕೂತವರೆಲ್ಲ ಹೊಗಳಿದ್ದೇ ಹೊಗಳಿದ್ದು. "ಆಕಿ ಕೈಗುಣ ಯಾರಿಗೂ ಬರೂದಿಲ್ಲ ಬಿಡ್ರಿ" ಅಂದರು ಒಬ್ಬರು. "ನಮ್ಮ ಮನಿ ಕೂಸುಗಳೆಲ್ಲಾ ಆಕಿ ಎರದ ನೀರಿನ್ಯಾಗ ಬೆಳದಾವ್ರಿ" ಅಂದರು ಇನ್ನೊಬ್ಬರು. ಸತ್ತವರನ್ನು ಹೊಗಳದೆ ಹುಗ್ಗಿ ಉಂಡರೆ ಅರಗುವುದಿಲ್ಲವೇನೋ ಎಂಬಂತೆ ಎಲ್ಲರೂ ಶುರುಹಚ್ಚಿಕೊಂಡಿದ್ದರು. ನಾನು ಮಾತ್ರ ಎಲೆಯ ಮೇಲಿನದನ್ನು ಕಲಸುತ್ತಿದ್ದೆ. ಪಕ್ಕದಲ್ಲಿ ಕೂತ ಹೆಣ್ಣುಮಗಳು, "ಅಕ್ಕಾರ, ನೀವ ಕಲತವರು, ಆಯಿ ಬಗ್ಗೆ ನಾಕು ಮಾತ ಹೇಳ್ರೆಲಾ" ಅಂದಾಗ ಮೈಯೆಲ್ಲ ಉರಿದುಹೋಯಿತು. ನಾಲ್ಕು ಮಾತಿನಲ್ಲಿ ಮುಗಿಯುವ ಕತೆಯೇ ಅದು? ಅದಕ್ಕೇ ಮನೆಗೆ ಬಂದು ಬರೆಯಲು ಕೂತಿದ್ದೇನೆ. ಸಿಟ್ಟಿನಲ್ಲಿ ಬರೆದದ್ದು, ಹಾಗೇ ಓದಿಕೊಳ್ಳಿ.

ನಾನು ಚಿಕ್ಕೋಡಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವಾಕೆ. ತವರು ಕರೋಶಿ. ಶನಿವಾರ ಸಾಲೆ ಬಿಟ್ಟ ಕೂಡಲೇ ಬಸ್ಸು ಹತ್ತಿ ಅವ್ವನ ಮನೆಗೆ ಬರುವುದು ಮೊದಲಿನಿಂದಲೂ ರೂಢಿ. ನಮ್ಮ ಹಿತ್ತಲಿನ ಗೋಡೆಗೆ ಹತ್ತಿಕೊಂಡೇ ಆಯಿಯ ಮನೆ. ಸಂಬಂಧದಲ್ಲಿ ಆಕೆ ನಮಗೆ ಏನೂ ಆಗಬೇಕಿಲ್ಲ. ಆದರೆ ಓಣಿಯಲ್ಲಿ ಹುಟ್ಟಿದವರನ್ನೆಲ್ಲ ಮೊದಲು ಎರೆದವಳು ಆಕೆ, ಹೆತ್ತವರ ಬಾಣಂತನ ಮಾಡಿದವಳೂ ಆಕೆ. ಹಾಗಾಗಿ ನನಗೂ ಆಯಿ, ನಮ್ಮ ಅವ್ವನಿಗೂ ಆಯಿ. ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ.

ಗಿಡ್ಡ ಆಳು, ಗಟ್ಟಿ ಮೈ. ಕಚ್ಚೆ ಹಾಕಿ ಉಟ್ಟ ಸೀರೆ, ಮೂಗಿನಲ್ಲಿ ನತ್ತು. ನಿಪ್ಪಾಣಿಯ ತಂಬಾಕು ಸುಟ್ಟು ಪುಡಿ ಮಾಡಿದ ಮಿಸರಿಯನ್ನು ಹಲ್ಲಿಗೆ ತಿಕ್ಕಿ ತಿಕ್ಕಿ ಬಾಯೆಲ್ಲ ಕಪ್ಪು. ಅದರ ಡಬ್ಬಿ ಸೊಂಟದಲ್ಲಿ ಸದಾ ಇರುತ್ತಿತ್ತು. ಆಕೆ ಓಣಿಗೆ ಬಂದಳೆಂದರೆ ಔಡಲೆಣ್ಣೆ, ಅಜವಾನದ ವಾಸನೆ ಮುಂದೆ ಬರುತ್ತಿತ್ತು, ಆಕೆ ಹಿಂದೆ. ತವರು ಗಡಿಯಾಚೆ, ಮಹಾರಾಷ್ಟ್ರದ ಕಡೆ. ಸಂತೋಷದಲ್ಲಿ ಕನ್ನಡ, ಸಿಟ್ಟು ಬಂದರೆ ಮರಾಠಿ. "ಗಪ್ ಬಸ!" ಅಂದಳೆಂದರೆ ಮುಗಿಯಿತು, ಸುಮ್ಮನೆ ಕೂಡಬೇಕು. ಅತ್ತ ಕೂಸಿಗೂ ಅದೇ, ಬಾಣಂತಿ ಕೋಣೆಯಲ್ಲಿ ಹಣಿಕಿ ಹಾಕಿದ ಗಂಡಸರಿಗೂ ಅದೇ, ಪಂಚಾಯ್ತಿ ಚೇರ್ಮನ್ನರಿಗೂ ಅದೇ. ಅವರನ್ನೂ ಆಕೆಯೇ ಎರೆದದ್ದಲ್ಲವೇ, ಮಾತಾಡಿದರೆ ಅವರ ಚಿಕ್ಕಂದಿನದೆಲ್ಲ ಬಾಯಿಗೆ ಬರುತ್ತಿತ್ತು.

ಆಕೆಯ ಕೈ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹೇಳಿದರೆ ಸುಳ್ಳಾಗುತ್ತದೆ.

ಒಮ್ಮೆ ಕಬ್ಬು ಕಡಿಯುವ ಆಳೊಬ್ಬನಿಗೆ ಕೊಯ್ತಾ ಕತ್ತಿ ಜಾರಿ ಮೊಣಕಾಲ ಕೆಳಗೆ ಬಡಿಯಿತು. ರಕ್ತ ಬಳಬಳ ಹರಿಯುತ್ತಿದ್ದ ಅವನನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಮಲಗಿಸಿದರು. ಆಯಿ ಸೀರೆ ಸೆರಗು ಹರಿದು, ಮಡಿಚಿ, ಗಾಯದ ಮೇಲೆ ಒತ್ತಿ ತನ್ನ ಹೆಬ್ಬೆರಳು ಊರಿ ಕೂತಳು. "ಯವ್ವಾ, ಸತ್ತೆನೋ" ಎಂದು ಅವನು ಚೀರಿದ. "ಗಪ್ ಬಸ! ಸತ್ತವರು ಹಿಂಗ ಒದರೂದಿಲ್ಲ" ಅಂದಳು. ನಾನು ಬಗ್ಗಿ, ರಕ್ತ ನಿಂತಿದೆಯೋ ಇಲ್ಲವೋ ತೆಗೆದು ನೋಡು ಅಂದದ್ದಕ್ಕೆ ನನಗೂ ಬೈಗುಳ. "ತಗದು ತಗದು ನೋಡಬಾರದವಾ ಅಕ್ಕೋರೇ. ನೀ ನೋಡಾಕ ತಗದಿ ಅಂದ್ರ ಅದು ಮತ್ತ ಹರೀತೈತಿ. ಒಳಗ ಅದು ಕಟ್ಟಾಕತ್ತಿರತೈತಿ. ಅದಕ್ಕ ತನ್ನ ಕೆಲಸ ಮಾಡಗೊಡು." ಬಹಳ ಹೊತ್ತು ಹಾಗೇ ಕೂತಳು. ಕೈ ತೆಗೆದಾಗ ರಕ್ತ ನಿಂತಿತ್ತು. ಮೇಲೆ ಮಿಸರಿ ಮೆತ್ತಿ ಬಟ್ಟೆ ಸುತ್ತಿದಳು. ಮಿಸರಿ ಮೆತ್ತಿದ್ದು ಸರಿಯಲ್ಲ, ಆದರೆ ಒತ್ತಿ ಹಿಡಿದದ್ದು ಸರಿ. ಅವನು ಆ ಸೀಸನ್ನು ಮುಗಿಯುವುದರೊಳಗೆ ಮತ್ತೆ ಕಬ್ಬಿಗೆ ಹೋದ.

ಮರುದಿನ ನಾನು ಕ್ಲಾಸಿನಲ್ಲಿ ಅದನ್ನೇ ಹೇಳಿದೆ. ರಕ್ತನಾಳ ಹರಿದ ಕೂಡಲೇ ರಕ್ತದಲ್ಲಿನ ಕಿರುತಟ್ಟೆಗಳು ಓಡಿ ಬಂದು ಆ ಹರುಕಿಗೆ ಅಂಟಿಕೊಳ್ಳುತ್ತವೆ. ಅವು ಒಂದಕ್ಕೊಂದು ಅಂಟಿ ಮೊದಲ ಬಿರಡೆ ಆಗುತ್ತವೆ. ಆಮೇಲೆ ರಕ್ತದಲ್ಲಿ ಕರಗಿಕೊಂಡಿದ್ದ ವಸ್ತುವೇ ಫೈಬ್ರಿನ್ ಎಂಬ ಎಳೆಗಳಾಗಿ ಹೆಣೆದುಕೊಂಡು ಬಲೆಯಾಗುತ್ತದೆ. ಆ ಬಲೆಯಲ್ಲಿ ಕೆಂಪು ಕಣಗಳು ಸಿಕ್ಕಿಬಿದ್ದು ತೂತು ಮುಚ್ಚುತ್ತದೆ. ಹುಡುಗರು ಕಣ್ಣು ಬಿಟ್ಟು ಕೇಳಿದರು. ಇದೊಂದು ಇಲ್ಲದಿದ್ದರೆ ಮುಳ್ಳು ಚುಚ್ಚಿದರೂ ಮನುಷ್ಯ ಸಾಯುತ್ತಿದ್ದ ಎಂದು ಪಾಠ ಮುಗಿಯುತ್ತಿತ್ತು. ಕಟ್ಟಬಾರದ ಕಡೆ ಅದು ಕಟ್ಟಿದರೆ ಏನಾಗುತ್ತದೆ ಎಂದು ಆ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಅಂಥ ಪುಸ್ತಕ ಬರೆದವರಿಗೆ ಏನನ್ನಬೇಕು!

ಆಯಿಗೆ ಜಗತ್ತಿನಲ್ಲಿ ಇದ್ದ ಹೆದರಿಕೆ ಒಂದೇ, ರಕ್ತ ಹೋಗುವುದು. ಹಾವಿಗೆ ಹೆದರಲಿಲ್ಲ, ಅಳಿಯಂದಿರಿಗೆ ಹೆದರಲಿಲ್ಲ. ಆದರೆ ಬಾಣಂತಿಯ ಬಟ್ಟೆ ಸ್ವಲ್ಪ ಹೆಚ್ಚು ತೊಯ್ದರೆ ಆಕೆಯ ಮುಖ ಬಿಳಿಚಿಕೊಳ್ಳುತ್ತಿತ್ತು. ಕಾರಣ ಎಲ್ಲರಿಗೂ ಗೊತ್ತಿತ್ತು. ಆಕೆಯ ಹಿರಿಯ ಮಗಳು ಹೆತ್ತ ಕೆಲವೇ ದಿನಗಳಲ್ಲಿ, ಅತ್ತೆಮನೆಯವರು ಬೈದರೆಂದು ಎದ್ದು ಹಳ್ಳದಿಂದ ಕೊಡ ಹೊತ್ತು ತಂದಳಂತೆ. ಕೊಡ ಇಳಿಸುವ ಮೊದಲೇ ರಕ್ತ ಹರಿಯಲು ಶುರುವಾಯಿತು. ಆಯಿ ಹೋಗಿ ಮುಟ್ಟುವಷ್ಟರಲ್ಲಿ ಹಾಸಿಗೆಯೆಲ್ಲ ಒದ್ದೆ, ಮಗಳು ತಣ್ಣಗೆ. ಅದನ್ನು ಹೇಳುವಾಗ ಆಯಿ ಅಳುತ್ತಿರಲಿಲ್ಲ, ತನ್ನ ಎರಡೂ ಅಂಗೈಯನ್ನು ನೋಡಿಕೊಳ್ಳುತ್ತಿದ್ದಳು, ಅಷ್ಟೇ.

ಅಂದಿನಿಂದ ಆಕೆಯ ಬಾಣಂತನಕ್ಕೆ ಒಂದೇ ಕಾನೂನು. ಬಾಣಂತಿ ಏಳಕೂಡದು. ಹೊರಸಿನ ಕೆಳಗೆ ಕೆಂಡದ ಶೇಗಡಿ, ಕಿಟಕಿಗೆ ಗೋಣಿ ತಟ್ಟು, ಹೊಟ್ಟೆಗೆ ಬಿಗಿಯಾಗಿ ಹಳೆ ಸೀರೆ, ತಲೆಗೆ ಕುಂಚಿಗೆ. ಅಳ್ವಿ ಪಾಯಸ ಉಂಟು, ಅಂಟಿನ ಉಂಡೆ ಉಂಟು, ನೀರು ಮಾತ್ರ ಇಲ್ಲ. ಅಜವಾನ ಹಾಕಿ ಕುದಿಸಿದ್ದು ಬಟ್ಟಲಲ್ಲಿ ಒಂದೆರಡು ಗುಟುಕು. "ನೀರ ಕುಡದ್ರ ಹಸಿ ಮೈ ಸಡಲ ಆಗತೈತಿ. ರಕ್ತ ನೀರಾಗತೈತಿ. ನೀರಾದ ರಕ್ತ ನಿಲ್ಲತೈತೇನು?" ಎನ್ನುತ್ತಿದ್ದಳು. ಕಾಲು ನೆಲಕ್ಕಿಟ್ಟರೆ ಬೈಗುಳದ ಸುರಿಮಳೆ. ನಮ್ಮ ಅಡುಗೆಮನೆಯ ಮೂಲೆಯಲ್ಲಿ ಅವ್ವ ಹೆಪ್ಪು ಹಾಕಿಟ್ಟ ಗಡಿಗೆ ತೋರಿಸಿ ಒಮ್ಮೆ ಹೇಳಿದ್ದಳು, "ಅದನ್ನ ಅಲಗಾಡಿಸಿದ್ರ ಮೊಸರಾಗತೈತೇನು? ಬಾಣಂತೀನೂ ಹಂಗ ಇಡಬೇಕು." ನಾವೆಲ್ಲ ನಕ್ಕೆವು. ಚೆನ್ನಾಗಿ ಹೇಳುತ್ತಾಳೆ ಎಂದು ನಾನು ಸ್ಟಾಫ್ ರೂಮಿನಲ್ಲೂ ಹೇಳಿದೆ.

ನನ್ನ ತಂಗಿ ಕಸ್ತೂರಿಯನ್ನು ಅಥಣಿಗೆ ಕೊಟ್ಟಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಮನೆಯಲ್ಲಿ ಎಲ್ಲರಿಗಿಂತ ನಗುವ ಹುಡುಗಿ. ಹೊಟ್ಟೆಯೊಳಗಿನ ಕೂಸು ಒದ್ದಾಗ ಆಯಿಯ ಧ್ವನಿ ತೆಗೆದು "ಗಪ್ ಬಸ!" ಅಂತ ಹೊಟ್ಟೆಗೇ ಬೈಯುತ್ತಿದ್ದಳು. ಆಯಿ ಎದುರಿಗಿದ್ದರೂ ಬಿಡುತ್ತಿರಲಿಲ್ಲ. ಆಯಿಗೆ ಆಕೆಯೆಂದರೆ ಪ್ರಾಣ. ಸತ್ತ ಮಗಳ ಕೆನ್ನೆ ಹೀಗೇ ಇತ್ತು ಎಂದು ಕಸ್ತೂರಿಯ ಗಲ್ಲ ಹಿಂಡುತ್ತಿದ್ದಳು.

ಕೂಸು ಅಡ್ಡ ಇತ್ತು. ಚಿಕ್ಕೋಡಿಯ ದವಾಖಾನೆಯಲ್ಲಿ ಹೊಟ್ಟೆ ಕೊಯ್ದು ತೆಗೆದರು. ಹೆಣ್ಣು ಕೂಸು, ಸುಖವಾಗಿ ಬಂತು. ಮನೆಗೆ ಕಳಿಸುವಾಗ ಡಾಕ್ಟರಬಾಯಿ ಅವ್ವನಿಗೆ ಬಿಡಿಸಿ ಹೇಳಿದರು. "ಮಲಗಿಸೇ ಇಡಬ್ಯಾಡ್ರಿ. ಮನಿಯೊಳಗ ಮೆಲ್ಲಕ ಅಡ್ಡಾಡಲಿ. ನೀರು ಬೇಕಾದಷ್ಟು ಕುಡೀಲಿ." ಅವ್ವ ಎಲ್ಲದಕ್ಕೂ "ಹೂನ್ರಿ, ಹೂನ್ರಿ" ಅಂದಳು. ಮನೆಯ ಹೊಸ್ತಿಲಲ್ಲಿ ಆಯಿ ನಿವಾಳಿಸಿ ಒಗೆಯಲು ರೊಟ್ಟಿ ಹಿಡಿದು ನಿಂತಿದ್ದಳು. ಅವ್ವ ಡಾಕ್ಟರಬಾಯಿಯ ಮಾತು ಹೇಳಿದ್ದೇ ತಡ, "ಹೊಲಿಗಿ ಹಾಕಿದ ಹೊಟ್ಟಿ ನಡದ್ರ ಬಿಚ್ಚತೈತಿ. ಆಕಿಗೇನ, ಕೊಯ್ದು ಕಳಸ್ಯಾಳ. ರಕ್ತ ಹೋದ್ರ ಆಕಿ ಬರತಾಳೇನು?" ಅಂದಳು. ಹೊರಸು, ಶೇಗಡಿ ಎಲ್ಲ ಸಿದ್ಧವಾಗಿದ್ದವು. ಅವ್ವ ಎರಡನೇ ಮಾತಾಡಲಿಲ್ಲ.

ಮುಂದಿನ ಶನಿವಾರ ನಾನು ಬಂದಾಗ ಕಸ್ತೂರಿಯ ಎಡಗಾಲು ಬಾತಿತ್ತು. ಮೀನಗಂಡ ಬಿಗಿದು, ಮುಟ್ಟಿದರೆ ಬಿಸಿ. "ಅಕ್ಕಾ, ಈ ಕಾಲು ನಂದಲ್ಲ ಅನಸಾಕತ್ತೈತಿ" ಅಂದಳು. ಡಾಕ್ಟರಬಾಯಿಗೆ ತೋರಿಸೋಣ ಎಂದೆ. ಅವ್ವ, "ಬಾಣಂತಿ ವಾಯು ಅದು. ನಾಳೆ ಆಯಿ ಎಣ್ಣಿ ಹಚ್ಚಿ ತಿಕ್ಕತಾಳ. ಕಮ್ಮಿ ಆಗದಿದ್ರ ಸೋಮವಾರ ಒಯ್ಯೂಣು" ಅಂದಳು. ನಮ್ಮ ಕಡೆ ಬಾಣಂತಿಯ ಕಾಲು ಬಾತರೆ ಯಾರೂ ಗಾಬರಿಯಾಗುವುದಿಲ್ಲ. ತಿಕ್ಕಿದರೆ ಇಳಿಯುತ್ತದೆ ಎಂಬುದು ನಮ್ಮ ಅಜ್ಜಿಯರ ಕಾಲದ ನಂಬಿಕೆ.

ಭಾನುವಾರ ಮುಂಜಾನೆ ಅವ್ವ ಔಡಲೆಣ್ಣೆಗೆ ಬಳ್ಳೊಳ್ಳಿ ಹಾಕಿ ಶೇಗಡಿಯ ಮೇಲೆ ಕಾಸಿದಳು. ಬಟ್ಟಲನ್ನು ಸೆರಗಿನಲ್ಲಿ ಹಿಡಿದು ತಂದು ಆಯಿಯ ಕೈಗೆ ಕೊಟ್ಟಳು. ಆಯಿ ಹೊರಸಿನ ತುದಿಗೆ ಕೂತು, ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಹಿಮ್ಮಡಿಯಿಂದ ತೊಡೆಯವರೆಗೆ ಎರಡೂ ಹೆಬ್ಬೆರಳು ಊರಿ ಎಳೆದಳು. ಮತ್ತೆ ಎಳೆದಳು. ಕಸ್ತೂರಿ ನೋವಿಗೆ ಹಲ್ಲು ಕಚ್ಚಿ, ಅದರ ನಡುವೆಯೇ ಅಥಣಿಯ ಅತ್ತೆ ಚಹಾಕ್ಕೆ ಸಕ್ಕರೆ ಹೇಗೆ ಹಾಕುತ್ತಾಳೆಂದು ನನಗೆ ಮಾಡಿ ತೋರಿಸುತ್ತಿದ್ದಳು. ಆ ಮಾತು ಮುಗಿಯಲಿಲ್ಲ. ತಟ್ಟನೆ ಎದ್ದು ಕೂತಳು. "ಅಕ್ಕಾ, ಎದಿ..." ಅಂದಳು. ಉಸಿರು ಎಳೆದುಕೊಳ್ಳಲು ನೋಡಿದಳು, ಬರಲಿಲ್ಲ. ತುಟಿ ನೀಲಿಯಾದವು. ನನ್ನ ಮಣಿಕಟ್ಟು ಹಿಡಿದಿದ್ದ ಕೈ ಸಡಿಲಾಯಿತು. ಯಾರನ್ನಾದರೂ ಕೂಗುವುದರೊಳಗೆ ಎಲ್ಲ ಮುಗಿದಿತ್ತು. ಕಾಲಿನ ಮೇಲಿನ ಎಣ್ಣೆ ಇನ್ನೂ ಆರಿರಲಿಲ್ಲ.

ಊರಿನವರು ಗಾಳಿ ಸೋಂಕು ಎಂದರು, ಅಮಾಸೆ ಹತ್ತಿರ ಇತ್ತು ಎಂದರು. ಆಯಿ ಎದೆ ಬಡಿದುಕೊಂಡು ಅತ್ತಳು, ಹೆತ್ತ ನಮ್ಮ ಅವ್ವನಿಗಿಂತ ಜೋರಾಗಿ. "ಹೊಟ್ಟಿ ಕೊಯ್ದ ಕೊಂದ್ರವಾ ನನ್ನ ಕೂಸನ್ನ" ಎಂದು ಅತ್ತಳು. ಎಲ್ಲರೂ ಹೌದು ಹೌದು ಅಂದರು. ನಾನೂ ಹೌದೆಂದುಕೊಂಡೇ ಡಾಕ್ಟರಬಾಯಿಯ ಮೇಲೆ ಜಗಳಕ್ಕೆ ಹೋದೆ.

ಅವರು ನನ್ನನ್ನು ಕೂಡಿಸಿ, ಕೇಳಿದ್ದು ಎರಡೇ ಮಾತು. "ಕಾಲು ಬಾತಿತ್ತೇನ್ರಿ?" ಹೌದೆಂದೆ. "ತಿಕ್ಕಿದ್ರೇನು?" ಅದಕ್ಕೂ ಹೌದೆಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಹೇಳಿದರು. ಹೆರಿಗೆಯಲ್ಲಿ ರಕ್ತ ಹೋಗುತ್ತದೆಂದು ಮೈ ಮೊದಲೇ ತಯಾರಾಗಿರುತ್ತದೆ. ಬಸುರಿನಲ್ಲೇ ರಕ್ತಕ್ಕೆ ಬೇಗ ಕಟ್ಟುವ ಗುಣ ಹೆಚ್ಚಾಗುತ್ತದೆ, ಬಾಣಂತನದಲ್ಲೂ ಕೆಲವು ವಾರ ಹಾಗೇ ಇರುತ್ತದೆ. ಆಪರೇಶನ್ ಆದರೆ ಇನ್ನಷ್ಟು. ಅಂಥವಳನ್ನು ಅಲುಗದಂತೆ ಮಲಗಿಸಿದರೆ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹರಿಯದೆ ನಿಲ್ಲುತ್ತದೆ. ನಡೆಯುವಾಗ ಮೀನಗಂಡ ಹಿಂಡಿ ಹಿಂಡಿ ಅದನ್ನು ಮೇಲಕ್ಕೆ ತಳ್ಳಬೇಕು, ಅದೂ ಇಲ್ಲ. ನೀರು ಕುಡಿಸದಿದ್ದರೆ ರಕ್ತ ಮಂದವಾಗುತ್ತದೆ. ಗಾಯವೇ ಇಲ್ಲದ ಜಾಗದಲ್ಲಿ ಹೆಪ್ಪು ಕಟ್ಟುತ್ತದೆ. ಕಾಲು ಬಾಯುವುದು ಅದಕ್ಕೆ. "ಅದು ಅಲ್ಲೇ ಇದ್ರ ಔಷಧ ಕೊಟ್ಟು ಬೆಳೀದ್ಹಂಗ ತಡೀಬಹುದಿತ್ರಿ, ದಿನಾ ಕಳದ್ಹಂಗ ಮೈನ ಕರಗಿಸಿಕೊಳ್ಳತಿತ್ತು. ತಿಕ್ಕಿದ್ರ ಕಿತ್ತು ಬರತೈತಿ. ಕಾಲಿನಿಂದ ಹೊಟ್ಟಿ, ಹೊಟ್ಟಿಯಿಂದ ಹೃದಯ, ಹೃದಯದಿಂದ ಶ್ವಾಸಕೋಶ. ಅಲ್ಲಿ ಹೋಗಿ ಬಾಗಿಲ ಮುಚ್ಚಿ ಕೂಡತೈತಿ. ತಾನಾಗೂ ಕಿತ್ತು ಬರಬಹುದಿತ್ತು, ಇಲ್ಲನ್ನೂದಿಲ್ಲ. ಆದ್ರ ಇದು ತಿಕ್ಕಾಕತ್ತಾಗನ ಹೋತಲ್ರಿ." ಆಮೇಲೆ ಮೆಲ್ಲನೆ, "ನಾ ನಡಸ್ರಿ ಅಂದಿದ್ದೆ" ಅಂದರು.

ನಾನು ನೆಟ್ಟಗೆ ಆಯಿಯ ಮನೆಗೆ ಹೋದೆ. ಆಕೆ ಒಲೆಯ ಮುಂದೆ ಕೂತಿದ್ದಳು. ಕೇಳಿದ್ದನ್ನೆಲ್ಲ ಹೇಳಿದೆ. ಹೇಳಿದೆ ಎಂದರೇನು, ಒದರಿದೆ. "ನೀ ತಿಕ್ಕಿದ್ದಕ್ಕ ಸತ್ತಾಳ. ನಿನ್ನ ಹೊರಸು, ನಿನ್ನ ಶೇಗಡಿ, ನಿನ್ನ ಗಪ್ ಬಸ ಆಕೀನ ಕೊಂದಾವ. ಇನ್ನ ಮ್ಯಾಲ ಯಾರ ಕಾಲೂ ತಿಕ್ಕೂದಿಲ್ಲ ಅಂತ ಹೇಳು. ನಾಲ್ಕು ಮಂದಿ ಮುಂದ ಹೇಳು." ಆಕೆ ಬೆಂಕಿ ಸರಿಪಡಿಸಿದಳು. ನನ್ನ ಮುಖ ನೋಡಲಿಲ್ಲ.

"ನನ್ನ ಮಗಳು ಎದ್ದು ನಡದ ಸತ್ಲು. ನಿನ್ನ ತಂಗಿ ಮಲಗಿ ಸತ್ಲು ಅಂತಿ. ಎರಡರಾಗ ಖರೇ ಯಾವುದು, ನೀನ ಹೇಳವಾ ಅಕ್ಕೋರೇ."

ಎರಡು ಸಾವೂ ಖರೆ, ಕಾರಣ ಬೇರೆ ಎಂದು ಇವತ್ತು ಹೇಳುತ್ತೇನೆ. ಆಕೆಯ ಮಗಳು ಸತ್ತದ್ದು ನಡೆದದ್ದಕ್ಕಲ್ಲ. ಒಳಗೆ ಮಾಸಿನ ತುಣುಕೇನಾದರೂ ಉಳಿದಿತ್ತೋ ಏನೋ, ನೋಡುವವರಿರಲಿಲ್ಲ. ಕಟ್ಟಬೇಕಾದಲ್ಲಿ ಒಬ್ಬಳ ರಕ್ತ ಕಟ್ಟಲಿಲ್ಲ, ಕಟ್ಟಬಾರದಲ್ಲಿ ಇನ್ನೊಬ್ಬಳದು ಕಟ್ಟಿತು. ಆದರೆ ಅಂದು ಬಾಗಿಲು ಬಡಿದು ಬಂದೆ. ನಮ್ಮ ಹಿತ್ತಲಲ್ಲಿ ಅವ್ವ ಗೋಡೆಯ ಬದಿಗೆ ಬಟ್ಟೆ ಹಿಂಡುತ್ತಿದ್ದಳು. ನನಗೆ ಬೇಕಾದದ್ದು ಆಕೆಯ ಕಣ್ಣೀರಲ್ಲ. ತಿಕ್ಕಬಾರದಿತ್ತು ಎಂಬ ಒಂದು ಮಾತು ಬೇಕಿತ್ತು. ಊರು ನನ್ನ ಮಾತು ಕೇಳುವುದಿಲ್ಲ, ಆಕೆಯ ಮಾತು ಕೇಳುತ್ತದೆ. ಆಕೆ ಅಂದರೆ ನಿಲ್ಲುತ್ತದೆ, ಅನ್ನದಿದ್ದರೆ ಇಲ್ಲ.

ಕೂಸನ್ನು ಅಥಣಿಯವರು ಒಯ್ದರು. ವರ್ಷ ಕಳೆಯುವುದರೊಳಗೆ ಅಲ್ಲಿ ಹೊಸ ತಾಯಿ ಬಂದಳು. ಅವ್ವ ಕಸ್ತೂರಿಯ ಹೆಸರು ಎತ್ತುವುದನ್ನೇ ಬಿಟ್ಟಳು. ಆಯಿ ಮಾತ್ರ ಏನೂ ಆಗಿಲ್ಲವೆಂಬಂತೆ ಒಂದು ಮನೆಯಿಂದ ಇನ್ನೊಂದು ಮನೆಗೆ ಎಣ್ಣೆ ಬಟ್ಟಲು ಹಿಡಿದು ತಿರುಗಿದಳು. ನಾನು ಮಾತು ಬಿಟ್ಟೆ. ಆಕೆ ಬಿಡಲಿಲ್ಲ. ಹಿತ್ತಲ ಗೋಡೆಯ ಆಚೆಯಿಂದ, "ಅಕ್ಕೋರೇ, ಸಿಟ್ಟ ಇಳೀತೇನು?" ಎಂದು ಪ್ರತಿ ಭಾನುವಾರ ಕೂಗುತ್ತಿದ್ದಳು. ನಾನು ಬಕೆಟ್ಟು ಕುಕ್ಕಿ ಉತ್ತರ ಕೊಡುತ್ತಿದ್ದೆ.

ಕೆಲವು ವರ್ಷಗಳ ಮೇಲೆ ನನ್ನ ತಮ್ಮನ ಹೆಂಡತಿ ಸುಮಿತ್ರಾಳ ಎರಡನೇ ಹೆರಿಗೆ ನಮ್ಮ ಮನೆಯಲ್ಲೇ ಆಗಬೇಕಾಯಿತು. ಅದೇ ಕೋಣೆ, ಅದೇ ಹೊರಸು. ಆಯಿಯನ್ನು ಕರೆಯಬೇಡಿ ಎಂದು ನಾನು ಹಟ ಹಿಡಿದೆ. ಅವ್ವ, "ಬೆನ್ನಿಗೆ ಬೆನ್ನ ಹಚ್ಚಿದ ಮನಿ, ಕರದ್ರೂ ಬರತಾಳ, ಕರೀದಿದ್ರೂ ಬರತಾಳ" ಅಂದಳು. ನಾನು ಸಾಲೆಗೆ ರಜೆ ಹಾಕಿ ಬಂದು ಕಾವಲು ಕೂತೆ. ಶೇಗಡಿ ಹೊರಗಿಟ್ಟೆ. ನೀರಿನ ತಂಬಿಗೆ ಸುಮಿತ್ರಾಳ ತಲೆಗಿಂಬಿನ ಪಕ್ಕದಲ್ಲೇ ಇಟ್ಟೆ. ಆಕೆಯನ್ನು ಕೈಹಿಡಿದು ಪಡಸಾಲೆಯಲ್ಲಿ ನಡೆಸಿದೆ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನಕ್ಕರು. ಇಷ್ಟೆಲ್ಲ ಮಾಡಿದರೂ ಒಂದು ಮುಂಜಾನೆ ಸುಮಿತ್ರಾ, "ಅಕ್ಕಾರ, ಕಾಲು ಜಗ್ಗಾಕತ್ತೈತ್ರಿ" ಅಂದಳು. ಏನು ಮಾಡಿದರೂ ಕೆಲವರಿಗೆ ಅದು ಬಂದೇ ಬರುತ್ತದೆ ಎಂದು ಆಮೇಲೆ ತಿಳಿಯಿತು.

ಅಷ್ಟರಲ್ಲಿ ಆಯಿ ಕೂಸನ್ನು ಎರೆಯಲು ಬಂದಳು. ಅವ್ವನಿಗೆ ಎಣ್ಣೆ ಕೇಳಿದಳು. ಅವ್ವ ಬಾಟಲಿ ತಂದು ನೆಲಕ್ಕಿಟ್ಟು, "ಒಲಿ ಅಲ್ಲೈತಿ, ಬೇಕಾದ್ರ ನೀನ ಕಾಸ್ಕೋ" ಎಂದು ಹೊರಗೆ ಹೋದಳು. ವಯಸ್ಸಾಗಿ ಅವ್ವನಿಗೆ ಬೇಸರ ಬಂದಿದೆ ಎಂದುಕೊಂಡೆ. ಆಯಿ ಸುಮಿತ್ರಾಳ ಕಾಲಿನ ಕಡೆ ನೋಡಿದಳು. ನಾನು ನಡುವೆ ಎದ್ದು ನಿಂತೆ. ನಿಲ್ಲಬೇಕಾಗಿರಲಿಲ್ಲ. ಆಕೆ ಎರಡೂ ಕೈ ಬೆನ್ನ ಹಿಂದೆ ತೆಗೆದುಕೊಂಡಿದ್ದಳು, ಬಿಸಿ ಪಾತ್ರೆ ಮುಟ್ಟಬೇಡ ಎಂದು ಬೈಸಿಕೊಂಡ ಮಕ್ಕಳು ತೆಗೆದುಕೊಳ್ಳುವಂತೆ.

"ಜೀಪ ತರಸು," ಅಂದಳು ನನಗೆ. "ಕಾಲಿಗೆ ಯಾರೂ ಕೈ ಹಚ್ಚಬ್ಯಾಡ್ರಿ. ಮಿರಜಕ್ಕ ಒಯ್ಯಿರಿ. ಹೂಂ, ನಡೀರಿ."

ಮಿರಜದಲ್ಲಿ ರಕ್ತ ಹೆಪ್ಪುಗಟ್ಟದಂತೆ ಇಂಜೆಕ್ಷನ್ ಕೊಟ್ಟರು, ಆಮೇಲೆ ತಿಂಗಳುಗಟ್ಟಲೆ ಗುಳಿಗೆ. ಸುಮಿತ್ರಾ ಉಳಿದಳು. ಇವತ್ತಿಗೂ ನನ್ನ ಜತೆ ಜಗಳಾಡುವಷ್ಟು ಗಟ್ಟಿಯಾಗಿದ್ದಾಳೆ.

ಜೀವ ಉಳಿಯಿತು ಎಂದು ಸಮಾಧಾನ ಆಗಬೇಕಲ್ಲವೇ? ನನಗೆ ಆಗಲಿಲ್ಲ. ಜೀಪಿನಲ್ಲಿ ಕೂತಾಗಲೇ ಅದು ಹೊಳೆದಿತ್ತು. ಹಾಗಾದರೆ ಈಕೆಗೆ ಗೊತ್ತು! ಅಂದು ಒಲೆಯ ಮುಂದೆ ನಾನು ಒದರಿದ್ದನ್ನು ಈಕೆ ಕೇಳಿದ್ದಾಳೆ, ನಂಬಿದ್ದಾಳೆ. ಊರಿಗೆ ಬಂದವಳೇ ಬಾಣಂತನ ಮಾಡಿಸಿಕೊಂಡ ಹೆಣ್ಣುಮಕ್ಕಳನ್ನು ವಿಚಾರಿಸಿದೆ. ಎಲ್ಲರದೂ ಒಂದೇ ಮಾತು. "ಆಯಿ ಬೆನ್ನು ತಿಕ್ಕತಾಳ್ರಿ, ತೋಳು ತಿಕ್ಕತಾಳ. ಕಾಲ ಮುಟ್ಟೂದು ಬಿಟ್ಟು ವರ್ಷಗಟ್ಟಲೆ ಆತು. ಹೆಬ್ಬಟ್ಟ ನೋಯತಾವು ಅಂತಾಳ." ಹಾಗಾದರೆ ಕಾಲು ಯಾರು ತಿಕ್ಕಿದರು ಎಂದು ಕೇಳಿದೆ. "ನಮ್ಮ ಅವ್ವ ತಿಕ್ಕಿದ್ಳರಿ." "ನಮ್ಮ ಅತ್ತಿ ತಿಕ್ಕಿದ್ರು."

ತನ್ನ ಕೈ ತಿದ್ದಿಕೊಂಡಳು ಆಕೆ, ಬಾಯಿ ತಿದ್ದಿಕೊಳ್ಳಲಿಲ್ಲ. ತಪ್ಪು ಎಂದು ಗೊತ್ತಾದ ಮೇಲೂ, ತನ್ನ ಕಣ್ಣೆದುರು ಉಳಿದವರು ತಿಕ್ಕುತ್ತಿದ್ದರೂ, ಹೆಬ್ಬಟ್ಟು ನೋವಿನ ಸುಳ್ಳು ಹೇಳಿ ಎದ್ದು ಬಂದಳು. ಇಂಥ ಸೊಕ್ಕು ನಾನು ಎಲ್ಲೂ ನೋಡಿಲ್ಲ.

ಕಡೆಗಾಲದಲ್ಲಿ ಬಿದ್ದು ನಡು ಮುರಿದುಕೊಂಡಳು. ನೋಡಲು ಹೋಗಬಾರದು ಎಂದುಕೊಂಡಿದ್ದೆ, ಹೋದೆ. ಅಲ್ಲಿ ಕಂಡದ್ದು ನಗು ತರಿಸುವಂಥದ್ದು. ಮುದುಕಿ ನೀರಿನ ತಂಬಿಗೆ ಬಾಯಿಗೆ ಎತ್ತಿ ಗಟಗಟ ಕುಡಿಯುತ್ತಿದ್ದಳು. "ಎಬ್ಬಸರ್ಲೇ, ನಡಸ್ರಿ" ಎಂದು ಮೊಮ್ಮಕ್ಕಳ ಹೆಗಲು ಹಿಡಿದು ನೋವಿಗೆ ನರಳುತ್ತ ಅಂಗಳದಲ್ಲಿ ಹೆಜ್ಜೆ ಹಾಕುತ್ತಿದ್ದಳು. ತನ್ನ ಕಾಲಿಗೆ ಡಾಕ್ಟರಬಾಯಿಯ ಮಾತು, ಊರಿನ ಕಾಲಿಗೆ ತನ್ನ ಮಾತು!

ಆಕೆ ಒಳಗೆ ಬಂದು ಮಲಗಿದ ಮೇಲೆ ಮೊಮ್ಮಕ್ಕಳನ್ನು ಹೊರಗೆ ಕಳಿಸಿ ಕೇಳೇಬಿಟ್ಟೆ. "ಗೊತ್ತಿತ್ತಲ್ಲ ನಿನಗ. ಯಾಕ ಹೇಳಲಿಲ್ಲ ಆಯಿ?"

ತನ್ನ ಅಂಗೈ ನೋಡಿಕೊಂಡಳು. "ಎಣ್ಣಿ ಕಾಸಿ ಕೊಟ್ಟಾಕಿ ಯಾರು?" ಅಂದಳು.

"ನಮ್ಮವ್ವ," ಅಂದೆ.

"ನಾ ತಿಕ್ಕಿದ್ದು ತಪ್ಪು ಅಂದ್ರ ನಿಮ್ಮವ್ವ ಕಾಸಿದ್ದೂ ತಪ್ಪಾತು. ಹೆತ್ತಾಕಿ ಕೈಯಿಂದನ ಹೋತು ಅಂತ ಆತು. ನನ್ನ ಮಗಳಿಗೆ ನೀ ಮನೀಗೆ ಬಂದ ಹೆರು ಅಂತ ನಾ ಅನ್ನಲಿಲ್ಲ, ಅದು ಇವತ್ತಿಗೂ ನನ್ನ ತಿಂತೈತಿ. ಅದನ್ನ ನಿಮ್ಮವ್ವಗ ಕೊಡಲೇನು? ಡಾಕ್ಟರ ಕೊಂದ್ರು ಅಂತ ತಿಳಕೊಂಡ ಆಕಿ ಉಂಡಾಳ, ಮಲಗ್ಯಾಳ. ಇರಲಿ ಬಿಡು."

"ಉಳಿದವರ ಮಕ್ಕಳು?" ಅಂದೆ.

"ಗಪ್ ಬಸ," ಅಂದಳು. ಧ್ವನಿಯಲ್ಲಿ ಮೊದಲಿನ ಜೋರಿರಲಿಲ್ಲ. ಗೋಡೆಯ ಕಡೆ ಹೊರಳಿದಳು. ಅದೇ ನಮ್ಮಿಬ್ಬರ ಕೊನೆಯ ಮಾತು.

ಇದನ್ನು ಪ್ರೀತಿ ಎನ್ನಬೇಕೋ ಸೊಕ್ಕು ಎನ್ನಬೇಕೋ, ನೀವೇ ಹೇಳಿ. ನನಗಂತೂ ಇವತ್ತಿಗೂ ಕ್ಷಮಿಸಲು ಆಗಿಲ್ಲ. ಒಬ್ಬ ತಾಯಿಯ ನಿದ್ದೆ ಕಾಯಲು ಹೋಗಿ ಎಷ್ಟು ಹೆಣ್ಣುಮಕ್ಕಳ ಕಾಲನ್ನು ಪಣಕ್ಕಿಟ್ಟಳು! ಇಷ್ಟಾದರೂ ನಾನು ಮನೆಗೆ ಬಂದು ಅವ್ವನ ಮುಂದೆ ಅದನ್ನು ಎತ್ತಲಿಲ್ಲ.

ಈಗ ಆಯಿಯ ದಿವಸದ ಮಧ್ಯಾಹ್ನಕ್ಕೆ ಬರುತ್ತೇನೆ. ಪಂಕ್ತಿ ಎದ್ದ ಮೇಲೆ ಹೆಂಗಸರೆಲ್ಲ ಆಯಿಯ ಪಡಸಾಲೆಯಲ್ಲಿ ಅಡಕಿ ಹಾಕಿಕೊಳ್ಳುತ್ತ ಕೂತೆವು. ಆಯಿಯ ಕಿರಿಯ ಮಗಳು ಐನಾಪುರದಿಂದ ಬಂದಿದ್ದಳು. ಅವಳದೂ ಅಲ್ಲಿ ಇದೇ ಕೆಲಸ, ಮದುವೆಗೆ ಮೊದಲು ತಾಯಿಯ ಜತೆ ತಿರುಗಿ ಕಲಿತದ್ದು. ಪಕ್ಕದಲ್ಲಿ ಅವಳ ಸೊಸೆ, ತುಂಬಿದ ಬಸುರಿ, ಕಾಲು ಚಾಚಿ ಗೋಡೆಗೆ ಒರಗಿದ್ದಳು. ಯಾರೋ, "ಇನ್ನ ಆಯಿಯಂಥಾ ಕೈ ಎಲ್ಲಿಂದ ತರೂದವಾ?" ಎಂದರು. ಮಗಳಿಗೆ ಹೆಮ್ಮೆ ಬಂತು. ಸೊಸೆಯ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, "ಅವ್ವನ ಕೈ ಎಲ್ಲಿ ಹೋಗೈತ್ರಿ? ಇಲ್ಲೇ ಐತಲ್ರಿ. ಈಕಿ ಹಡದ ಮ್ಯಾಲ ನೋಡ್ರಿ, ಹಿಂಗ" ಎಂದು ಎರಡೂ ಹೆಬ್ಬೆರಳು ಊರಿ, ಹಿಮ್ಮಡಿಯಿಂದ ಮೇಲಕ್ಕೆ ಎಳೆದು ತೋರಿಸಿದಳು.

"ಕಾಲು ತಿಕ್ಕಬ್ಯಾಡ ಅಂತ ಆಯಿ ನಿನಗ ಎಂದೂ ಹೇಳಲಿಲ್ಲೇನು?" ಅಂದೆ.

"ಇಲ್ಲರಿ ಅಕ್ಕಾರ," ಅಂದಳು ಅವಳು ನಗುತ್ತ. "ತಿಕ್ಕಬ್ಯಾಡ ಅಂತ ಯಾಕ ಹೇಳತಾಳ್ರಿ?"

ಹೊಟ್ಟೆಯ ಮಗಳಿಗೂ ಹೇಳಿರಲಿಲ್ಲ! ನಾನು ಅವ್ವನ ಕಡೆ ನೋಡಿದೆ. ಮೂಲೆಯಲ್ಲಿ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಸವರುತ್ತಿದ್ದಳು. ಈ ವಯಸ್ಸಿನಲ್ಲಿ ಆಕೆಯ ಎದುರೇ ಹೇಗೆ ಹೇಳಲಿ ಎಂದು ತಡವರಿಸಿದೆ. ಅವ್ವ ಎಲೆಯನ್ನು ಮಡಿಚಲಿಲ್ಲ, ತಟ್ಟೆಯಲ್ಲಿಟ್ಟಳು.

"ಆ ಕಾಲು ಬಿಡವಾ," ಅಂದಳು ಐನಾಪುರದವಳಿಗೆ. "ನಮ್ಮ ಕಸ್ತೂರಿ ಹೊಟ್ಟಿ ಕೊಯ್ದಿದ್ದಕ್ಕ ಹೋಗಲಿಲ್ಲ. ಕಾಲು ತಿಕ್ಕಿದ್ದಕ್ಕ ಹೋದ್ಲು. ಎಣ್ಣಿ ನಾ ಕಾಸಿ ಕೊಟ್ಟಿದ್ದೆ."